ಚಿಕ್ಕಮ್ಮನ ಏಲಕ್ಕಿ, ನಮ್ಮ ಆಯಸ್ಕಾಂತದ ಮಣಿ

ಕಳಸದ ಆಚೆ, ಹಳ್ಳದ ಪಕ್ಕದ ಕಣಿವೆಯಲ್ಲಿ ನನ್ನ ಚಿಕ್ಕಮ್ಮನಿಗೆ ಒಂದು ಸಣ್ಣ ಏಲಕ್ಕಿ ತೋಟವಿತ್ತು. ಚಿಕ್ಕಪ್ಪ ತೀರಿಕೊಂಡ ಮೇಲೆ ಅವಳೊಬ್ಬಳೇ ಅದನ್ನು ನೋಡಿಕೊಳ್ಳುತ್ತಿದ್ದಳು. ಎಂಬತ್ತರ ದಶಕದ ಕೊನೆಯಲ್ಲಿ ಅಲ್ಲಿಗೆ ಕಟ್ಟೆ ರೋಗ ಬಂತು. ಎಲೆಯ ಮೇಲೆ ತೆಳುಹಳದಿ ಗೀರು ಮೂಡಿ, ಗಿಡ ಕುಗ್ಗುತ್ತಾ ಹೋಗಿ, ಕೊನೆಗೆ ಕಾಯಿ ಬಿಡುವುದೇ ನಿಲ್ಲುವ ರೋಗ. ಗಿಡದಿಂದ ಗಿಡಕ್ಕೆ ಅದನ್ನು ದಾಟಿಸುವುದು ರಸ ಹೀರುವ, ರೆಕ್ಕೆ ಬಂದರೆ ಹಾರುವ ಒಂದು ಬಗೆಯ ಸಸ್ಯಹೇನು. ಮದ್ದಿಲ್ಲ.

ನಾನಾಗ ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಇದೇ ರೋಗದ ವೈರಸ್ಸನ್ನು ಗುರುತಿಸುವ ಮೋನೋಕ್ಲೋನಲ್ ಪ್ರತಿಕಾಯ, ಅಂದರೆ ಆ ವೈರಸ್ಸಿಗೆ ಮಾತ್ರ ಅಂಟುವ ಪ್ರೋಟೀನು, ತಯಾರಿಸುವ ಕೆಲಸದಲ್ಲಿದ್ದೆ. ವೈರಸ್ ತೆಗೆಯಲು ರೋಗದ ಎಲೆ ಬೇಕಿತ್ತು. ಕೊಟ್ಟವಳು ಚಿಕ್ಕಮ್ಮ. ಒದ್ದೆ ಬಟ್ಟೆಯಲ್ಲಿ ಸುತ್ತಿಕೊಡುತ್ತಾ ಕೇಳಿದಳು: "ಇದರಿಂದ ನಮ್ಮ ಯಾಲಕ್ಕಿಗೆ ಮದ್ದು ಸಿಗ್ತದಾ?"

"ಮದ್ದಲ್ಲ ಚಿಕ್ಕಮ್ಮ. ಎಲೆಯಲ್ಲಿ ಗೀರು ಕಾಣೋದಕ್ಕೆ ಮೊದಲೇ ಯಾವ ಗಿಡಕ್ಕೆ ರೋಗ ಉಂಟು ಅಂತ ಗೊತ್ತಾಗ್ತದೆ. ಅದನ್ನ ಕಿತ್ತು ಸುಟ್ಟರೆ ಉಳಿದದ್ದು ಬದುಕ್ತದೆ."

"ಅಷ್ಟಾದ್ರೆ ಸಾಕು ಮಾರಾಯ್ತಿ," ಎಂದಳು.

ವೈರಸ್ಸನ್ನು ಇಲಿಗೆ ಚುಚ್ಚಿ, ಅದರ ಗುಲ್ಮದ ಜೀವಕೋಶಗಳನ್ನು ಸಾಯದೆ ಬೆಳೆಯುವ ಕ್ಯಾನ್ಸರ್ ಗಡ್ಡೆಯ ಕೋಶಗಳ ಜೊತೆ ಬೆಸೆಯುತ್ತಿದ್ದೆವು. ಹಾಗೆ ಬೆಸೆದ ಅಸಂಖ್ಯ ಕೋಶಗಳಲ್ಲಿ ನಮಗೆ ಬೇಕಾದ ಪ್ರತಿಕಾಯ ಕೊಡುವುದು ಎಲ್ಲೋ ಒಂದೆರಡು. ಹುಡುಕಿ ಹುಡುಕಿ ಸೋತಿದ್ದಾಗ ವಿದೇಶದಿಂದ ಆಯಸ್ಕಾಂತಕ್ಕೆ ಅಂಟುವ ಮಣಿಗಳು ಬಂದವು. ಮಣಿ ಎಂದು ಹೆಸರಷ್ಟೆ. ಸೀಸೆಯಲ್ಲಿ ತುಕ್ಕಿನ ನೀರಿನಂತೆ ಕಾಣುತ್ತಿತ್ತು. ಅವಕ್ಕೆ ವೈರಸ್ ಲೇಪಿಸಿ ಕೋಶಗಳೊಂದಿಗೆ ಬೆರೆಸಿದರೆ ಸರಿಯಾದ ಕೋಶಗಳು ಅಂಟಿಕೊಳ್ಳುತ್ತವೆ. ನಳಿಕೆಯ ಪಕ್ಕ ಆಯಸ್ಕಾಂತ ಹಿಡಿದು ಉಳಿದದ್ದನ್ನು ಚೆಲ್ಲಿದರಾಯಿತು. ಗಾಜಿಗೆ ಹತ್ತಿ ನಿಂತ ಆ ಕಂದು ಗೀರನ್ನು ಮೊದಲ ಸಲ ನೋಡಿದಾಗ ಜೋರಾಗಿ ಕೂಗಬೇಕೆನಿಸಿತ್ತು. ಅದರಿಂದ ಬೆಳೆಸಿದ ಕೋಶಗಳ ಪ್ರತಿಕಾಯ ಚೆನ್ನಾಗಿಯೇ ಕೆಲಸ ಮಾಡಿತು.

ಮಳೆ ಬಿಟ್ಟ ಮೇಲೆ ನಮ್ಮ ಮುಖ್ಯಸ್ಥರೊಂದಿಗೆ ಕಣಿವೆಗೆ ಹೋಗಿ ಎಲೆ ತಂದು ಪರೀಕ್ಷಿಸಿದೆ. ಚಿಕ್ಕಮ್ಮನ ತೋಟದ ಅರ್ಧಕ್ಕಿಂತ ಹೆಚ್ಚು ಬುಡಗಳಿಗೆ ರೋಗ ತಗಲಿತ್ತು. ಅವುಗಳಲ್ಲಿ ಹೆಚ್ಚಿನವು ಇನ್ನೂ ದಟ್ಟ ಹಸಿರಾಗಿ, ಎಳೆಗಾಯಿ ಹಿಡಿದು ನಿಂತಿದ್ದವು. ನಾನು ಗುರುತು ಮಾಡಿದ ಒಂದೊಂದು ಬುಡವನ್ನೂ ಅವಳು ನಿಂತು ಕೀಳಿಸಿದಳು. ಆಳು ಅನುಮಾನಿಸಿದರೆ ತಾನೇ ಗುದ್ದಲಿ ಹಿಡಿದಳು. ತೋಟವೆಲ್ಲ ಜಜ್ಜಿದ ಏಲಕ್ಕಿ ದಂಟಿನ ವಾಸನೆ.

ಹಳ್ಳದಾಚೆ ದೊಡ್ಡ ಕಾಫಿ ಎಸ್ಟೇಟು. ಅಲ್ಲೂ ಏಲಕ್ಕಿ, ಅಲ್ಲೂ ಅದೇ ರೋಗ. ರೋಗದ ಬುಡ ಕೀಳಿಸಿ ಎಂದು ಕೇಳಲು ಹೋದ ನಮ್ಮನ್ನು ಮಾಲೀಕರು ಜಗಲಿಯಲ್ಲಿ ಕೂರಿಸಿ ಕಾಫಿ ಕೊಟ್ಟರು.

"ಹಸಿರಾಗಿರೋ ಗಿಡ ಕೀಳೋದಕ್ಕೆ ನನಗೇನು ಹುಚ್ಚಾ?" ಎಂದು ನಕ್ಕರು.

ಮುಖ್ಯಸ್ಥರೂ ನಕ್ಕರು. ನಾನು ಹೇನಿನ ವಿಷಯ ಎತ್ತಿದೆ. ಹಳ್ಳ ಅದಕ್ಕೆ ಅಡ್ಡಿಯಲ್ಲ, ಇಲ್ಲಿ ಉಳಿದ ರೋಗ ಅಲ್ಲಿಗೆ ಮತ್ತೆ ಹೋಗುತ್ತದೆ ಎಂದೆ. ಮುಖ್ಯಸ್ಥರು ಮಾತು ತಿರುಗಿಸಿ, ಆ ವರ್ಷದ ಕಾಫಿ ಬೆಳೆ ಹೇಗಿದೆ ಎಂದು ವಿಚಾರಿಸಿದರು. ಜೀಪು ಹತ್ತಿದ ಮೇಲೆ ನನಗೆ ಹೇಳಿದರು: "ನಮ್ಮ ಕೆಲಸ ಪರೀಕ್ಷೆ ಮಾಡೋದು ಕಣಮ್ಮ, ಪಂಚಾಯ್ತಿ ಮಾಡೋದಲ್ಲ."

ಚಿಕ್ಕಮ್ಮ ಹೊಸ ಸಸಿ ನೆಟ್ಟಳು. ನಮ್ಮ ಪ್ರಯೋಗಾಲಯದ ವಾರ್ಷಿಕ ವರದಿಯಲ್ಲಿ ಆ ಸಸಿಗಳ ಚಿತ್ರ ಅಚ್ಚಾಯಿತು, ರೋಗಮುಕ್ತ ತೋಟವೆಂದು. ವರದಿ ನನ್ನ ಕೈ ಸೇರುವಷ್ಟರಲ್ಲಿ ಆ ಸಸಿಗಳ ಎಲೆಗಳಲ್ಲೂ ಉಳಿಸಿದ್ದ ಹಳೆಯ ಬುಡಗಳಲ್ಲೂ ಗೀರು ಮೂಡಿತ್ತು. ನಾನು ಮುಖ್ಯಸ್ಥರಿಗೆ ಹೇಳಿದೆ. ಆ ಯೋಜನೆ ಮುಗಿಯಿತಲ್ಲ ಎಂದರು.

ಮುಂದಿನ ಕೊಯ್ಲಿನ ಹೊತ್ತಿಗೆ ನಾನು ಊರಿಗೆ ಹೋದಾಗ ಚಿಕ್ಕಮ್ಮ ಮನೆಯಲ್ಲಿರಲಿಲ್ಲ. ಹಳ್ಳದಾಚೆಯ ಎಸ್ಟೇಟಿನಲ್ಲಿ, ಒಣಗಿಸಿದ ಏಲಕ್ಕಿಯನ್ನು ಆರಿಸುವ ಹೆಂಗಸರ ಸಾಲಿನಲ್ಲಿ ಕೂತಿದ್ದಳು. ರೋಗವಿದ್ದರೂ ಅವರ ಅಷ್ಟು ದೊಡ್ಡ ತೋಟದಲ್ಲಿ ಆರಿಸುವಷ್ಟು ಕಾಯಿ ಬಂದಿತ್ತು. ನನ್ನನ್ನು ಕಂಡು ಎದ್ದು ಹೊರಗೆ ಬಂದಳು.

"ನಿನ್ನ ಪರೀಕ್ಷೆಯಲ್ಲಿ ಸುಳ್ಳೇನೂ ಇರ್ಲಿಲ್ಲ," ಎಂದಳು. "ಕಿತ್ತದ್ದು ನಾನೊಬ್ಬಳೇ ಆಯ್ತು, ಅಷ್ಟೆ. ಊಟ ಮಾಡ್ಕೊಂಡು ಹೋಗು. ಮನೇಲಿ ಒಲೆ ಹತ್ರ ಮುಚ್ಚಿಟ್ಟಿದ್ದೇನೆ."

ಒಳಗಿನಿಂದ ಯಾರೋ ಕರೆದರು. ಅವಳು ಹೋಗಿ ತನ್ನ ಮೊರ ಎತ್ತಿಕೊಂಡಳು. ಎರಡು ಮಳೆಗಾಲ ಕಳೆದ ಮೇಲೆ ತೋಟವನ್ನೂ ಎಸ್ಟೇಟಿನವರಿಗೇ ಕೊಟ್ಟಳು. ಅವರು ಅಲ್ಲಿ ರೊಬಸ್ಟಾ ಕಾಫಿ ಹಾಕಿದರು.