ಜೋನಾಥನನ ಗೋತ್ರ

“ಮುತ್ತಾತನ ಹೆಸರು ಹೇಳಿ ಸಾರ್,” ಎಂದರು ಪುರೋಹಿತರು. ಟಿ. ನಗರದ ನಮ್ಮ ಮನೆಯಲ್ಲಿ ಅಪ್ಪನ ಹನ್ನೆರಡನೆಯ ದಿನದ ಕಾರ್ಯ ನಡೆದಿತ್ತು. ನನ್ನ ಬಾಯಿಂದ ಬಂದದ್ದು “ಜೋನಾಥನ್”.

ಪೆರುಂಗುಡಿಯ ಆಫೀಸಿನಲ್ಲಿ ಎಂಟು ತಿಂಗಳಿಂದ ನನ್ನ ಕೆಲಸ, ಅಮೆರಿಕದ ಇನ್ನೂರು ವರ್ಷ ಹಳೆಯ ರೈತ ಮನೆತನವೊಂದರ ದಿನಚರಿಗಳನ್ನು ಕಂಪ್ಯೂಟರಿಗೆ ಏರಿಸುವುದು. ಆ ಮನೆತನಕ್ಕೆ ಮೊದಲು ಜಮೀನು ಮಾಡಿದ ಜೋನಾಥನ್, ಅವನ ಏಳು ಮಕ್ಕಳು, ಎರಡು ಕುದುರೆಗಳು, ಎಲ್ಲರ ಹೆಸರೂ ನನಗೆ ಬಾಯಿಪಾಠ.

ಪುರೋಹಿತರು ಎಳ್ಳು ಹಿಡಿದ ಕೈ ಇಳಿಸಲಿಲ್ಲ.

“ಗೋತ್ರ ಅದೇ ಅಲ್ವಾ ಸಾರ್?”

ಅಮ್ಮನ ಕಡೆ ನೋಡಿದೆ. ಅವರಿಗೂ ನಿಜವಾದ ಹೆಸರು ಗೊತ್ತಿರಲಿಲ್ಲ.

ಹೆಸರು ತಿಳಿಯದವರಿಗೂ ಮಂತ್ರವಿದೆಯಂತೆ. ಅದರಲ್ಲೇ ಕಾರ್ಯ ಮುಗಿಯಿತು. ನಮ್ಮ ಮುತ್ತಾತನ ಹೆಸರು ಗೊತ್ತಿದ್ದವರು ಅಪ್ಪ ಒಬ್ಬರೇ. ಅವರ ಪಿಂಡ ನನ್ನ ಎದುರಿಗೇ ಇತ್ತು.