ಬಜ್ಪೆ ಇಳಿಜಾರಿನಲ್ಲಿ ನಿಂಬೆಹಣ್ಣು

ಬೆಳಗಿನ ತಿಂಡಿ ಮುಗಿಸಿ ಕಾಫಿ ಕೊಯ್ಲಿಗೆ ಇಳಿದ ಸ್ವಲ್ಪ ಹೊತ್ತಿಗೆ ನಮ್ಮ ತಲೆಯ ಮೇಲೆ ಒಂದು ವಿಮಾನ ಹೋಗುತ್ತಿತ್ತು. ಸಿಲ್ವರ್ ಓಕ್ ಮರಗಳ ಸಂದಿನಲ್ಲಿ ಕಂಡರೆ ಕಂಡಿತು, ಇಲ್ಲದಿದ್ದರೆ ಬರೀ ಸದ್ದು. ಅವ್ವ ಗಿಡದ ರೆಂಬೆ ಕೈಬಿಟ್ಟು ಮುಖ ಮೇಲೆತ್ತಿ ನಿಲ್ಲುತ್ತಿದ್ದಳು. ಸದ್ದು ಪಡುವಣಕ್ಕೆ ಕರಗಿದ ಮೇಲೆ, “ಹೋಯ್ತು ನೋಡು, ನನ್ನ ತಂಗಿ ಊರ್ಗೆ” ಎಂದು ಮತ್ತೆ ಹಣ್ಣಿಗೆ ಕೈ ಹಾಕುತ್ತಿದ್ದಳು.

ಅಪ್ಪ ವನಗೂರು ಕಡೆಯ ಒಂದು ಎಸ್ಟೇಟಿನಲ್ಲಿ ಜೀಪ್ ಡ್ರೈವರ್. ಎಂಥ ಏರು ರಸ್ತೆಗೂ ಬೀಡಿ ಕಚ್ಚಿಕೊಂಡೇ ಜೀಪು ಹತ್ತಿಸುವ ಮನುಷ್ಯ. ಆದರೆ ಅವನ ಹೆಂಡತಿಗೆ ಗಾಡಿ ಅಂದರೆ ಆಗದು. ಜೀಪು ಎರಡು ತಿರುವು ತಿರುಗುವಷ್ಟರಲ್ಲಿ ಅವ್ವನ ಹೊಟ್ಟೆ ತೊಳಸಿ, ಮುಖ ಬಿಳುಚಿ, ವಾಂತಿ. ಕೈಯಲ್ಲಿ ಮೂಸಲು ನಿಂಬೆಹಣ್ಣು ಇಲ್ಲದೆ ಅವಳು ಸಕಲೇಶಪುರದ ಸಂತೆಗೂ ಹೋದವಳಲ್ಲ. “ಏನ್ ಮಾರಾಯ, ಊರೋರ್ನೆಲ್ಲ ಹೊತ್ಕೊಂಡು ತಿರುಗ್ತೀಯ, ಮನೆಯೋಳ್ನ ಮಾತ್ರ ಹತ್ತಿಸ್ಕೊಳ್ಳಕ್ಕಾಗಲ್ವಲ್ಲ” ಎಂದು ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಅಪ್ಪನನ್ನು ಛೇಡಿಸುತ್ತಿದ್ದರು. ಅಪ್ಪ ನಗುತ್ತಿದ್ದ. ಆ ನಗೆ ನನಗೆ ಅಷ್ಟು ಚೆನ್ನಾಗಿ ಕಾಣುತ್ತಿರಲಿಲ್ಲ.

ಅವ್ವನಿಗೆ ಒಬ್ಬಳೇ ತಂಗಿ, ನನ್ನ ಚಿಕ್ಕವ್ವ. ಮಂಗಳೂರಿನ ಕಡಲ ದಂಡೆಯಲ್ಲಿ ರೆಸಾರ್ಟುಗಳು ಎದ್ದ ಜಾಗದಲ್ಲಿ, ಒಂದು ರೆಸಾರ್ಟಿನ ಹಿತ್ತಲಿಗೆ ತಾಗಿದಂತೆ ಅವರ ಮನೆ. ಅವಳ ಗಂಡ ಅಲ್ಲಿ ತೋಟದ ಕೆಲಸ ನೋಡಿಕೊಳ್ಳುತ್ತಿದ್ದರು. ಘಾಟಿಯಲ್ಲಿ ರೈಲು ಓಡುತ್ತಿದ್ದಾಗ ಅಕ್ಕ ತಂಗಿ ವರ್ಷಕ್ಕೊಮ್ಮೆ ಮುಖ ನೋಡುತ್ತಿದ್ದರು, ಯಾಕೆಂದರೆ ರೈಲಿನಲ್ಲಿ ಅವ್ವನಿಗೆ ಏನೂ ಆಗುತ್ತಿರಲಿಲ್ಲ. ಆಮೇಲೆ ಹಳಿ ಅಗಲ ಮಾಡುತ್ತೇವೆಂದು ರೈಲು ನಿಲ್ಲಿಸಿದರು. ಈ ವರ್ಷ ಬರುತ್ತೆ, ಮುಂದಿನ ವರ್ಷ ಬರುತ್ತೆ ಎನ್ನುತ್ತಲೇ ವರ್ಷಗಳು ಉರುಳಿದವು. ಉಳಿದದ್ದು ಶಿರಾಡಿ ಘಾಟಿಯ ಬಸ್ಸು. ಅದನ್ನು ಅವ್ವ ಒಮ್ಮೆ ಹತ್ತಿ, ಘಾಟಿ ಅರ್ಧಕ್ಕೆ ಬರುವಷ್ಟರಲ್ಲಿ ರಸ್ತೆಬದಿಯಲ್ಲಿ ಮಲಗಿಬಿಟ್ಟಿದ್ದಳು. ಚಿಕ್ಕವ್ವ ಬರಬಹುದಿತ್ತಲ್ಲ ಎಂದರೆ ಅವಳದೂ ಅದೇ ಹೊಟ್ಟೆ. ಒಂದೇ ತಾಯಿಯ ಮಕ್ಕಳು, ಇನ್ನೇನು ಬೇರೆ ಇರುತ್ತೆ?

ಹಾಗಾಗಿ ಫೋನು. ಚಿಕ್ಕವ್ವ ಮಾತು ಮುಗಿದ ಮೇಲೆ ರಿಸೀವರನ್ನು ಕಿಟಕಿಯ ಕಡೆ ಚಾಚಿ ಕಡಲು ಕೇಳಿಸುತ್ತಿದ್ದಳು. ಅವ್ವ ಎಸ್ಟೇಟ್ ಆಫೀಸಿನ ಕುರ್ಚಿಯ ತುದಿಯಲ್ಲಿ ಕೂತು, ಕಣ್ಣು ಮುಚ್ಚಿ, ಆ ಕರಕರ ಸದ್ದನ್ನೇ ಕೇಳುತ್ತಿದ್ದಳು. ಆಮೇಲೆ ಅವಳೂ ರಿಸೀವರನ್ನು ಬಾಗಿಲಾಚೆ ಹಿಡಿದು ನಮ್ಮ ಜೀರುಂಡೆಗಳನ್ನು ಕೇಳಿಸುತ್ತಿದ್ದಳು.

ನಾನಾಗ ಆಲೂರಿನ ಒಂದು ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ವಿಮಾನದ ಟಿಕೆಟ್ಟು ನಮ್ಮಂಥವರ ಕೈಗೂ ಎಟುಕತೊಡಗಿದ ಕಾಲ. ಒಂದು ಭಾನುವಾರ ಅವ್ವನ ಕೊರಗು ಕೇಳಿ ಕೇಳಿ ರೇಗಿ, “ಹಂಗಾದ್ರೆ ಪ್ಲೇನಲ್ಲೇ ಹೋಗು” ಅಂದುಬಿಟ್ಟೆ. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಿ, “ಅದ್ರಲ್ಲಿ ತಿರುವು ಇರಲ್ವೇನೇ?” ಎಂದು ಕೇಳಿದಳು. ನನ್ನ ಸಿಟ್ಟು ಅಲ್ಲೇ ಇಳಿಯಿತು.

ಪಡುವಣಕ್ಕಿರುವ ಮಂಗಳೂರಿಗೆ ಹೋಗಲು ಮೂಡಣದ ಬೆಂಗಳೂರಿಗೆ ಹೋಗಿ ವಿಮಾನ ಹತ್ತುವುದು. “ಕೊಂಕಣ ಸುತ್ತಿ ಮೈಲಾರಕ್ಕೆ ಅಂದ್ರೆ ಇದೇ ಕಣ್ರೀ” ಎಂದು ರೈಟರು ನಕ್ಕರು. ನಗಲಿ. ನಮ್ಮ ಚಿಂತೆ ಬೇರೆ ಇತ್ತು. ಎಸ್ಟೇಟಿನ ಯಜಮಾನರನ್ನು ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣಕ್ಕೆ ಬಿಟ್ಟುಬಂದಿದ್ದ ಅಪ್ಪ ಒಂದು ಸಂಜೆ ಜಗಲಿಯಲ್ಲಿ ಕೂತು ನಿಧಾನಕ್ಕೆ ಹೇಳಿದ: “ವಿಮಾನ ಇಳಿಯೋದೇ ಗುಡ್ಡದ ಮೇಲೆ. ಅಲ್ಲಿಂದ ಕೆಳಗಿಳಿಯೋ ದಾರಿ ಹಾವು ಹರ್ದಂಗೈತೆ.”

ಆಮೇಲೆ ಅದೆಷ್ಟು ಸಂಜೆ ನಾವು ಜಗಲಿಯಲ್ಲಿ ಕೂತೇ ಮಾತಿನಲ್ಲಿ ಅದೇ ಗುಡ್ಡ ಇಳಿದೆವೋ! ಟ್ಯಾಕ್ಸಿಯಾದರೆ ಗಾಜು ಮುಚ್ಚಿದ ಡಬ್ಬ. ಬಸ್ಸಾದರೆ ಡೀಸೆಲ್ ವಾಸನೆ. ಆಟೋಗೆ ಗಾಳಿ ಉಂಟು, ಆದರೆ ಕುಲುಕು. ಅಪ್ಪ ಬೀಡಿ ಆರಿಸಿ, “ನಾನೇ ಜೀಪ್ ತಂದು ನಿಂತಿರ್ಲಾ?” ಎಂದು ಕೇಳಿದ. ಅವ್ವ ಅವನ ಮುಖ ನೋಡದೆ, “ನಿಮ್ ಜೀಪೂ ಅಷ್ಟೇ ಬುಡಿ” ಎಂದಳು. ಸ್ವಲ್ಪ ಹೊತ್ತಾದ ಮೇಲೆ, “ಅಷ್ಟು ದೂರ ಹೋಗಿ ಆ ಗುಡ್ಡದ ಮೇಲೇ ಬಿದ್ಕೊಂಡ್ರೆ, ಅವಳ್ನ ನೋಡದೇ ಬರ್ಬೇಕಾಗುತ್ತೆ” ಎಂದಳು. ಅವಳ ಭಯವೆಲ್ಲ ಅದೊಂದೇ.

ಕೊಯ್ಲು ಮುಗಿದ ಮೇಲೆ ಅವ್ವ, ನಾನು ಇಬ್ಬರೇ ಹೊರಟೆವು. ಹಾಸನದವರೆಗೆ ಬಸ್ಸಿನ ಮುಂದಿನ ಸೀಟು, ನಿಂಬೆಹಣ್ಣು, ಮುಚ್ಚಿದ ಕಣ್ಣು. ಅಲ್ಲಿಂದ ರೈಲು. ವಿಮಾನದಲ್ಲಿ ಅವ್ವ ಕಿಟಕಿಗೆ ಹಣೆ ಒತ್ತಿ ಕೂತಳು. ಕೆಳಗೆ ಹೊಲ, ಕೆರೆ, ಮತ್ತೆ ಹೊಲ. ಕ್ರಮೇಣ ನೆಲ ಮಡಿಕೆ ಮಡಿಕೆಯಾಗಿ, ಕಡುಹಸಿರಾಗಿ, ಮೋಡದ ಚೂರುಗಳ ಕೆಳಗೆ ಜಾರಿಹೋಗತೊಡಗಿತು. “ನಮ್ದು ಯಾವ್ದೇ?” ಎಂದು ಪಿಸುಗುಟ್ಟಿದಳು. ನನಗೇನು ಗೊತ್ತು? ಯಾವುದೋ ಒಂದು ಗುಡ್ಡ ತೋರಿಸಿದೆ. ಅವಳು ನಂಬಿ, ಆ ಗುಡ್ಡ ಮರೆಯಾಗುವವರೆಗೂ ಗಾಜಿನ ಮೇಲೆ ಬೆರಳಿಟ್ಟುಕೊಂಡೇ ಇದ್ದಳು. ಹೊಟ್ಟೆ ತೊಳಸಲೇ ಇಲ್ಲ. ಇಳಿಯುವಾಗ ನಿದ್ದೆಯಿಂದ ಎದ್ದವಳ ಹಾಗೆ ನನ್ನ ಕೈ ಹಿಡಿದುಕೊಂಡಳು.

ಹೊರಗೆ ಬಂದರೆ ಬಿಸಿಲು, ಉಪ್ಪಿನ ಗಾಳಿ, ಟ್ಯಾಕ್ಸಿಯವರ ಮುತ್ತಿಗೆ. ಬೇಗ ತಲುಪಿದರೆ ಬೇಗ ಮುಗಿಯುತ್ತೆ ಎಂಬ ಲೆಕ್ಕದಲ್ಲಿ ನಾನು ಒಂದು ಬಿಳಿ ಕಾರಿನ ಬಾಗಿಲು ತೆಗೆಸಿದೆ. ಒಳಗಿನಿಂದ ಮಲ್ಲಿಗೆಯ ಸೆಂಟು ಗುಪ್ಪೆಂದು ಬಂತು. ಅವ್ವ ಸೆರಗು ಮೂಗಿಗೆ ಒತ್ತಿ ಹಿಂದೆ ಸರಿದಳು. ಆಟೋ ಕರೆದೆ. ಅವಳು ಆಟೋ ನೋಡಲಿಲ್ಲ, ಅದರಾಚೆ ರಸ್ತೆ ಬಾಗುವ ಜಾಗ ನೋಡಿದಳು. ನೋಡಿ, ಸೂಟ್‌ಕೇಸಿನ ಮೇಲೆ ಕೂತಳು.

“ಇಲ್ಲೀ ಗಂಟ ಬಂದ್ಬುಟ್ಟು ಹಿಂಗೆ ಕೂತ್ಕೊಂಡ್ರೆ?” ನನ್ನ ದನಿ ಏರಿತ್ತು. ಜನ ನೋಡುತ್ತಿದ್ದರು.

“ಇಳಿಜಾರು ತಾನೆ? ನಡೀತೀನಿ” ಎಂದು ಎದ್ದಳು. “ದಿನಾ ಇದಕ್ಕಿಂತ ದೊಡ್ಡ ಗುಡ್ಡ ಹತ್ತಿ ಇಳಿಯೋಳು ನಾನು.”

“ಎಂತ ಅಮ್ಮ, ನಡ್ಕೊಂಡು ಹೋಗ್ಲಿಕ್ಕೆ ಆಗ್ತದಾ? ಬ್ಯಾಗಾದ್ರೂ ಕೊಡಿ” ಎಂದ ಆಟೋದವನು ಸೂಟ್‌ಕೇಸು ಒಳಗಿಟ್ಟುಕೊಂಡ. ಅವ್ವ ಮುಂದೆ, ನಾನು ಗೊಣಗುತ್ತ ಹಿಂದೆ, ನಮ್ಮಿಬ್ಬರ ಹಿಂದೆ ಖಾಲಿ ಆಟೋ ಬುಡುಬುಡು ಎನ್ನುತ್ತ. ದಿಬ್ಬಣದ ಹಾಗೆ ಗುಡ್ಡ ಇಳಿದೆವು. ಎರಡೂ ಬದಿ ಕೆಂಪು ಕಲ್ಲಿನ ಗೋಡೆ, ಗೇರುಮರ, ಬಿಸಿಲಿಗೆ ಸುಮ್ಮನೆ ಬಿದ್ದ ರಸ್ತೆ. ಅವ್ವ ಬಲು ಹಗುರಾಗಿ ನಡೆಯುತ್ತಿದ್ದಳು. ನನ್ನ ಸಿಟ್ಟು ಯಾವ ತಿರುವಿನಲ್ಲಿ ಉದುರಿತೋ ಗೊತ್ತಾಗಲಿಲ್ಲ.

ಇನ್ನೊಂದು ತಿರುವು ಬಂತು. ಕೆಳಗಿನಿಂದ ಒಬ್ಬ ಹೆಂಗಸು ಕೊಡೆ ಹಿಡಿದು, ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿಕೊಂಡು ಏದುಸಿರು ಬಿಡುತ್ತ ಹತ್ತಿ ಬರುತ್ತಿದ್ದಳು. ಕೊಡೆ ಇಲ್ಲದ ಕೈಯಲ್ಲಿ ನಿಂಬೆಹಣ್ಣು.

ಅವ್ವ ನಿಂತಳು. ಅವಳೂ ನಿಂತಳು.

“ಮನೇಲೇ ಇರು ಅಂದಿದ್ನಲ್ಲೇ” ಎಂದಳು ಅವ್ವ.

“ಇರಕ್ಕಾಗ್ಲಿಲ್ಲ ಅಕ್ಕಾ. ಬಸ್ಸು ಗುಡ್ಡದ ಬುಡಕ್ಕೆ ಬರೋ ಹೊತ್ಗೆ ಎರಡು ಸಲ ವಾಂತಿ. ಇಳ್ದ್ಬುಟ್ಟೆ. ನಡ್ಕೊಂಡೇ ಬಂದೆ” ಎಂದಳು ಚಿಕ್ಕವ್ವ. ಕೊಡೆ ಕೈಯಿಂದ ಜಾರಿತು. ಅವ್ವ ಅವಳ ಕೆನ್ನೆ ಮುಟ್ಟಿದಳು, ಆಮೇಲೆ ಬೈತಲೆ. “ಕೂದ್ಲೆಲ್ಲ ಬೆಳ್ಳಗಾಗ್ಬುಟ್ಟೈತಲ್ಲೇ” ಎಂದವಳೇ ಅಳತೊಡಗಿದಳು. ನಾನು ಬಗ್ಗಿ ಕೊಡೆ ಎತ್ತಿಕೊಂಡೆ, ಯಾಕೆಂದರೆ ನನಗೂ ಮುಖ ಮರೆಸಬೇಕಿತ್ತು. ಆಟೋದವನು ಇಂಜಿನ್ ಆರಿಸಿ ಕೂತ.

ಗುಡ್ಡದ ಬುಡದವರೆಗೆ ಅಕ್ಕ ತಂಗಿ ಕೈ ಹಿಡಿದು ನಡೆದರು. ಅಲ್ಲಿಂದ ಕಡಲಿಗೆ ಆಟೋ, ಬೇರೆ ದಾರಿಯೇ ಇರಲಿಲ್ಲ. ಒಂದು ಬದಿಗೆ ಅವ್ವ, ಇನ್ನೊಂದು ಬದಿಗೆ ಚಿಕ್ಕವ್ವ, ನಡುವೆ ಎರಡು ನಿಂಬೆಹಣ್ಣು ಹಿಡಿದ ನಾನು. ಇಬ್ಬರೂ ಹೊರಗೆ ತಲೆ ಹಾಕುವರು, ಒಳಗೆ ತಂದು ಬಾಯಿ ಒರೆಸಿಕೊಂಡು ಬಿಟ್ಟಲ್ಲಿಂದ ಮಾತು ಹಿಡಿಯುವರು. ಆಟೋದವನು ಅಲ್ಲಲ್ಲಿ ನಿಲ್ಲಿಸಿ ನೀರು ಕೊಟ್ಟ. ಅಷ್ಟು ವಾಂತಿಯ ನಡುವೆ ಅಷ್ಟು ನಗು ನಾನು ಮತ್ತೆಲ್ಲೂ ಕಂಡಿಲ್ಲ.

ತಲುಪಿದಾಗ ಹೊತ್ತು ಇಳಿದಿತ್ತು. ರೆಸಾರ್ಟಿನ ತೆಂಗಿನ ಸಾಲು ದಾಟಿ ಮರಳಿಗೆ ಬಂದೆವು. ಎದುರಿಗೆ ಕಡಲು, ಬಂಗಾರದ ನೀರು, ಫೋನಿನಲ್ಲಿ ಕರಕರ ಎನ್ನುತ್ತಿದ್ದದ್ದು ಈಗ ಎದೆಯವರೆಗೂ ಮೊರೆಯುತ್ತಿತ್ತು. ಅವ್ವ ಕಡಲಿಗೆ ಬೆನ್ನು ಹಾಕಿ, ತಂಗಿಯ ಮುಖಕ್ಕೆ ಮುಖ ಮಾಡಿ ಮರಳಿನ ಮೇಲೆ ಕೂತುಬಿಟ್ಟಳು.

“ತಿರುಗಿ ನೋಡಕ್ಕಾ, ಕಡಲು” ಎಂದಳು ಚಿಕ್ಕವ್ವ.

“ಇರ್ಲಿ ಬುಡೇ” ಎಂದಳು ಅವ್ವ, ಅವಳ ಮುಖದಿಂದ ಕಣ್ಣು ಕೀಳದೆ. “ಅದೆಲ್ಲಿಗೂ ಹೋಗಲ್ಲ.”