ಎಳನೀರಿನ ಭಕ್ತ ಸದಾಶಿವಯ್ಯ

ನಮ್ಮ ಸದಾಶಿವಯ್ಯನಿಗೆ ಶಿವನ ನಂತರ ಎಳನೀರೇ ದೇವರು. ಕಾಲು ಉಳುಕಿದರೂ ಎಳನೀರು, ಕಣ್ಣು ಮಂಜಾದರೂ ಎಳನೀರು. ಅಮ್ಮಸಂದ್ರದ ಸಿಮೆಂಟನ್ನು ಮೂಟೆಗಟ್ಟಲೆ ನುಂಗಿದವನಿಗೂ ಒಂದು ಎಳನೀರು ಕುಡಿಸಿದರೆ ಬೆಳಗಾಗುವುದರೊಳಗೆ ಕರಗಿ ಹೋಗುತ್ತದೆ ಎಂದು ಸಂತೆಯಲ್ಲಿ ನಿಂತು ವಾದಿಸುತ್ತಿದ್ದ. ಆಸ್ಪತ್ರೆಯ ಮೆಟ್ಟಿಲು ಹತ್ತಿದವನೇ ಅಲ್ಲ. ಹೆಂಡತಿ ವಿಮಲಮ್ಮನ ಕಿಡ್ನಿ ಕೆಟ್ಟು ಡಯಾಲಿಸಿಸ್ ಶುರುವಾದ ಮೇಲೆ ಹತ್ತಬೇಕಾಯಿತು.

"ನೀರು ಅಳೆದು ಕೊಡಿ. ಎಳನೀರಂತೂ ತೊಟ್ಟೂ ಕೂಡದು, ಅದರಲ್ಲಿರೋ ಪೊಟ್ಯಾಸಿಯಂ ರಕ್ತದಲ್ಲಿ ಏರಿದ್ರೆ ಹೃದಯ ನಿಂತುಬಿಡುತ್ತೆ" ಎಂದರು ಡಾಕ್ಟರು.

ಸದಾಶಿವಯ್ಯ ಹೊರಗೆ ಬಂದು, ಅವರನ್ನು ಕಾರಿನಲ್ಲಿ ಕರೆತಂದಿದ್ದ ನನಗೆ, "ತೆಂಗಿನ ಸೀಮೇಲಿ ಕೂತ್ಕಂಡು ಎಳನೀರು ವಿಷ ಅಂತಾನಲ್ಲ ಕಣ್ಲಾ, ಇವನ್ಯಾವೂರ ಡಾಕ್ಟ್ರು!" ಎಂದ.

ಆ ಆಸ್ಪತ್ರೆಯಲ್ಲೇ ವಿಮಲಮ್ಮನಿಗೆ ಪಾಸ್ಟರ್ ಸೂರ್ಯಪ್ರಕಾಶರ ಪರಿಚಯವಾದದ್ದು. ಪಕ್ಕದ ಹಾಸಿಗೆಯವರಿಗಾಗಿ ಪ್ರಾರ್ಥಿಸಲು ಬಂದವರು ಇವಳಿಗಾಗಿಯೂ ಪ್ರಾರ್ಥಿಸಿದರು. ಅವಳು ಭಾನುವಾರ ಪ್ರಾರ್ಥನಾ ಮಂದಿರಕ್ಕೆ ಹೋಗತೊಡಗಿದಳು.

"ಯಾವತ್ತೋ ಸತ್ತೋನು ನಿನ್ನ ಕಿಡ್ನಿ ರಿಪೇರಿ ಮಾಡ್ತಾನೇನೇ?" ಎಂದು ಗಂಡ ಹಂಗಿಸಿದ.

"ಸತ್ತು ಎದ್ದೋನು ಕಣ್ರೀ. ಕಿಡ್ನಿ ಅವನಿಷ್ಟ. ನನ್ ಭಯಾನಂತೂ ವಾಸಿ ಮಾಡವ್ನೆ."

ಸುಳ್ಳಲ್ಲ. ಬೋರನಕಣಿವೆ ಜಲಾಶಯ ತುಂಬುವಷ್ಟು ಅತ್ತಿದ್ದವಳು ಈಗ ಹಾಡು ಗುನುಗುತ್ತಾ ಸೂಜಿಗೆ ಕೈ ಚಾಚುತ್ತಿದ್ದಳು. ಗಂಡನಿಗೆ ಅದೇ ಉರಿ. ತನ್ನ ಹೆಂಡತಿಯನ್ನು ಬೇರೊಬ್ಬ ವಾಸಿ ಮಾಡುವುದೇ?

ಒಂದು ಬೇಸಿಗೆಯ ಮಧ್ಯಾಹ್ನ, ಬಾಯಾರಿ ನರಳುತ್ತಿದ್ದವಳ ಮುಂದೆ ತಾನೇ ಕೆತ್ತಿದ ಎಳನೀರು ಹಿಡಿದ.

"ಬ್ಯಾಡ ಕಣ್ರೀ, ಡಾಕ್ಟ್ರು ಬೈತಾರೆ."

"ಅವನ್ನ ನಂಬ್ತೀಯ, ಯೇಸುನ ನಂಬ್ತೀಯ, ಕಟ್ಕೊಂಡ ಗಂಡನ್ನ ನಂಬಲ್ವೇನೇ?"

ಕುಡಿದಳು. ಅವನು ಇನ್ನೊಂದು ಕೆತ್ತಿದ, ಮತ್ತೊಂದು ಕೆತ್ತಿದ. ಸಂಜೆಗೆ ಅವಳ ಕೈಕಾಲಲ್ಲಿ ಶಕ್ತಿಯೇ ಇಲ್ಲ. ನನ್ನ ಕಾರಿನಲ್ಲಿ ಹೊರಟೆವು. ಹಿಂದಿನ ಸೀಟಿನಲ್ಲಿ ಅವನ ತೊಡೆಯ ಮೇಲೆ ಮಲಗಿದ್ದವಳು, "ನಿಮ್ ಮ್ಯಾಲೆ ಕೋಪ ಇಲ್ಲ ಕಣ್ರೀ. ನನ್ನ ಉಳಿಸ್ಕೊಂಡವ್ನೆ ಆ ಯೇಸು. ನಿಮ್ಮನ್ನೂ ಕ್ಷಮಿಸ್ತಾನೆ, ಕೇಳ್ಕಳಿ" ಎಂದಳು. ಆಸ್ಪತ್ರೆ ಮುಟ್ಟುವ ಮೊದಲೇ ಹೋದಳು.

ಮಣ್ಣು ಮಾಡಿದ ಮಾರನೆಯ ದಿನ ಪಾಸ್ಟರ್ ಮನೆಗೆ ಬಂದರು. ಸದಾಶಿವಯ್ಯ ತಲೆಯೆತ್ತದೆ ಕೇಳಿದ:

"ನಿಮ್ ಯೇಸು ಎಂಥಾ ಪಾಪಾನೂ ಕ್ಷಮಿಸ್ತಾನಂತೆ, ಹೌದೇನ್ರೀ?"

"ಹೌದು ಯಜಮಾನ್ರೇ. ಮನಸಾರೆ ಕೇಳಿದ್ರೆ ಸಾಕು."

"ಹಂಗಾದ್ರೆ ಕೇಳಲ್ಲ, ಹೋಗ್ರೀ. ಅವಳು ಕ್ಷಮಿಸಿದ್ದನ್ನೇ ತಡ್ಕಳಕ್ಕಾಗ್ತಿಲ್ಲ."

ಈಗ ಪ್ರತಿ ಭಾನುವಾರ ಪ್ರಾರ್ಥನಾ ಮಂದಿರದ ಹೊರಗೆ, ಚಪ್ಪಲಿಗಳ ಪಕ್ಕ ಕೂರುತ್ತಾನೆ. ಹಾಡು ಮುಗಿಯುವವರೆಗೂ ಕೇಳುತ್ತಾನೆ. ಯಾರಾದರೂ ಒಳಗೆ ಬನ್ನಿ ಎಂದರೆ ಬೈದು ಕಳಿಸುತ್ತಾನೆ.